ಶೂನ್ಯವೂ ಒಂದು ಅಳತೆ: ಹಾರ್ಡ್‌ವೇರ್ ಬಸ್ ಡ್ರೈವರ್ ಬರೆಯುವ ಮುನ್ನ ತೀರ್ಮಾನಿಸಬೇಕಾದ ಸಂಗತಿಗಳು

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಒಂದು ಹೋಬಳಿ ಕೇಂದ್ರ. ಹೋಬಳಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕ ಎಂಬ ಜಾಲವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದುದ್ದಕ್ಕೂ ಹರಡಿದೆ. ಸೌರಶಕ್ತಿಯಿಂದ ನಡೆಯುವ ಈ ಪೆಟ್ಟಿಗೆಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಲೆಕ್ಕ ಒಪ್ಪಿಸುತ್ತವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ಬೆಳೆಗಾರರಿಗೆ ಈ ಲೆಕ್ಕ ಬರೀ ಸುದ್ದಿಯಲ್ಲ. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆ ನಿಂತಿರುವುದು ಇಂಥ ದತ್ತಾಂಶದ ಮೇಲೆಯೇ.

‘ಮಳೆ 0 ಮಿಲಿಮೀಟರ್’ ಎಂಬುದು ಒಂದು ಅಳತೆ. ‘ಮಾಪಕ ಉತ್ತರ ಕೊಡಲಿಲ್ಲ’ ಎಂಬುದು ಅಳತೆಯೇ ಅಲ್ಲ.

ಇವೆರಡೂ ಒಂದೇ ಅಂಕಿಯಾಗಿ ಮೇಲಕ್ಕೆ ಹೋದರೆ ಆಮೇಲೆ ಯಾರೂ ಅವನ್ನು ಬೇರ್ಪಡಿಸಲಾರರು. ಬೇರ್ಪಡಿಸಬಹುದಾದ ಮೊದಲ ಜಾಗ ಬಸ್ ಡ್ರೈವರ್. ಪ್ರೊಸೆಸರ್ ತನ್ನ ಸುತ್ತಲಿನ ಚಿಪ್‌ಗಳೊಂದಿಗೆ ಮಾತನಾಡುವ ತಂತಿದಾರಿ ಬಸ್; ಆ ದಾರಿಯ ನಿಯಮಗಳನ್ನು ಆಪರೇಟಿಂಗ್ ಸಿಸ್ಟಂ ಪರವಾಗಿ ನಡೆಸಿಕೊಡುವ ಕೋಡ್ ಬಸ್ ಡ್ರೈವರ್. ತಳಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪ್ರಾಜೆಕ್ಟಿಗೆಂದು ಒಂದು ಪುಟ್ಟ ಲಿನಕ್ಸ್ ಬೋರ್ಡಿನ ಮೇಲೆ ಹವಾಮಾನ ಕೇಂದ್ರ ಕಟ್ಟಲಿ, ಬೆಂಗಳೂರಿನ ದೊಡ್ಡ ಕಂಪನಿಯ ಇಂಜಿನಿಯರ್ ಹೊಸ ಚಿಪ್‌ಗೆ ಡ್ರೈವರ್ ಬರೆಯಲಿ, ಎದುರಾಗುವ ಪ್ರಶ್ನೆಗಳು ಅವೇ. ಯಾವ ಸಂಗತಿ ಯಾರಿಗೆ ಗೊತ್ತಿರಬೇಕು, ಗೊತ್ತಿಲ್ಲದ್ದನ್ನು ಯಾರು ಹೇಗೆ ಒಪ್ಪಿಕೊಳ್ಳಬೇಕು ಎಂಬುದೇ ಅವೆಲ್ಲದರ ತಿರುಳು.

ಕರ್ನಲ್‌ನೊಳಗೆ ಬರೆಯಬೇಕೆ?

ಮೊದಲ ತೀರ್ಮಾನ ಕೋಡ್ ಮುಟ್ಟುವ ಮುಂಚಿನದು: ಡ್ರೈವರ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನೊಳಗೆ ಇರಬೇಕೆ, ಹೊರಗೆ ಸಾಮಾನ್ಯ ಪ್ರೋಗ್ರಾಂ ಆಗಿರಬೇಕೆ? ಉದಾಹರಣೆಗೆ, ಅನೇಕ ಸೌರ ಇನ್ವರ್ಟರ್‌ಗಳು ಮಾತನಾಡುವುದು ಮೋಡ್‌ಬಸ್ ಎಂಬ ಶಿಷ್ಟಾಚಾರದಲ್ಲಿ. ಮೋಡಿಕಾನ್ ಕಂಪನಿ 1979ರಲ್ಲಿ ತಂದ ಈ ಪದ್ಧತಿ ಆರ್‌ಎಸ್-485 ಎಂಬ ಜೋಡಿ ತಂತಿಯ ಮೇಲೆ ಸಾವಿರ ಮೀಟರ್ ದಾಟಿಯೂ ಕೆಲಸ ಮಾಡುತ್ತದೆ. ಇಲ್ಲಿ ಬೇಕಾದ ಸೀರಿಯಲ್ ಪೋರ್ಟಿನ ಡ್ರೈವರ್ ಕರ್ನಲ್‌ನಲ್ಲಿ ಆಗಲೇ ಇದೆ. ವೇಗ ಕಡಿಮೆ, ಕೇಳುವವನು ಒಬ್ಬನೇ. ಹೀಗಿರುವಾಗ ಮೋಡ್‌ಬಸ್ ಭಾಗವನ್ನು ಸಾಮಾನ್ಯ ಪ್ರೋಗ್ರಾಂ ಆಗಿಯೇ ಬರೆಯುವುದು ಲೇಸು. ಅದು ಕುಸಿದರೆ ಮತ್ತೆ ಶುರುವಾಗುತ್ತದೆ. ಕರ್ನಲ್ ಕುಸಿದರೆ ಇಡೀ ಯಂತ್ರವೇ ನಿಲ್ಲುತ್ತದೆ.

ಕರ್ನಲ್ ಡ್ರೈವರ್ ಬೇಕಾಗುವ ಸಂದರ್ಭಗಳು ಸ್ಪಷ್ಟವಾಗಿವೆ. ಸಾಧನ ಗಮನ ಸೆಳೆಯುವ ಸಂಕೇತವಾದ ಇಂಟರಪ್ಟ್‌ಗೆ ತಕ್ಷಣ ಸ್ಪಂದಿಸಬೇಕು, ಪ್ರೊಸೆಸರ್ ನೆರವಿಲ್ಲದೆ ಮೆಮೊರಿಗೆ ದತ್ತಾಂಶ ಸಾಗಿಸುವ ಡಿಎಂಎ ಬಳಸಬೇಕು, ಒಂದೇ ಬಸ್ಸನ್ನು ಹಲವರು ಹಂಚಿಕೊಳ್ಳಬೇಕು, ಅಥವಾ ಕರ್ನಲ್‌ನ ಇನ್ನೊಂದು ಭಾಗವೇ ಆ ಸಾಧನವನ್ನು ನೆಚ್ಚಿಕೊಂಡಿರಬೇಕು. ವೋಲ್ಟೇಜ್ ನಿಯಂತ್ರಿಸುವ ಚಿಪ್ ಐ2ಸಿ ಎಂಬ ಎರಡು ತಂತಿಯ ಬಸ್ಸಿನ ಮೇಲಿದ್ದರೆ ಆ ಬಸ್ಸನ್ನು ಬಳಕೆದಾರನ ಪ್ರೋಗ್ರಾಂ ಕೈಗೆ ಒಪ್ಪಿಸುವಂತಿಲ್ಲ.

ಮೂರು ಪಾಲು

ಡ್ರೈವರ್ ಕರ್ನಲ್‌ನಲ್ಲೇ ಇರಬೇಕೆಂದಾದರೆ ಮುಂದಿನ ಕೆಲಸ ಗಡಿ ಎಳೆಯುವುದು. ಲಿನಕ್ಸ್‌ನ ಐ2ಸಿ ವ್ಯವಸ್ಥೆಯಲ್ಲಿ ಮೂರು ಪಾಲುಗಳಿವೆ. ತಂತಿಯ ಮೇಲೆ ಬಿಟ್‌ಗಳನ್ನು ಹೊರಡಿಸುವ ಕಂಟ್ರೋಲರ್ ಡ್ರೈವರ್‌ಗೆ ಆಚೆ ತುದಿಯಲ್ಲಿರುವುದು ತಾಪಮಾಪಕವೋ ಗಡಿಯಾರವೋ ಗೊತ್ತಿಲ್ಲ. ಸಾಧನದ ಡ್ರೈವರ್‌ಗೆ ತಾಪಮಾನದ ರಿಜಿಸ್ಟರ್ (ಚಿಪ್ಪಿನೊಳಗಿನ ಅಂಕಿಯ ಖಾನೆ) ಎಲ್ಲಿದೆಯೆಂದು ಗೊತ್ತು, ಕಂಟ್ರೋಲರ್ ಯಾವ ಕಂಪನಿಯದೆಂದು ಗೊತ್ತಿಲ್ಲ. ನಡುವಿನ ‘ಕೋರ್’ ಇಬ್ಬರನ್ನೂ ಜೋಡಿಸುತ್ತದೆ, ಬೀಗ ಹಾಕುತ್ತದೆ, ಸರದಿ ನೋಡಿಕೊಳ್ಳುತ್ತದೆ.

ಈ ವಿಂಗಡಣೆಯ ಲಾಭ ಬಾಷ್ ಕಂಪನಿಯ ಬಿಎಂಇ280 ಚಿಪ್ಪಿನಲ್ಲಿ ಕಣ್ಣಿಗೆ ಕಾಣುತ್ತದೆ. ತಾಪ, ಆರ್ದ್ರತೆ, ವಾಯುಭಾರ ಮೂರನ್ನೂ ಅಳೆಯುವ ಈ ಚಿಪ್ ಐ2ಸಿ, ಎಸ್‌ಪಿಐ ಎಂಬ ಎರಡೂ ಬಸ್ಸುಗಳಲ್ಲಿ ಮಾತನಾಡಬಲ್ಲದು. ಲಿನಕ್ಸ್‌ನಲ್ಲಿ ಇದರ ಡ್ರೈವರ್ ಒಂದು ಕೋರ್ ಕಡತ, ಐ2ಸಿಗೊಂದು ತೆಳು ಕಡತ, ಎಸ್‌ಪಿಐಗೊಂದು ತೆಳು ಕಡತ ಎಂದು ಹಂಚಿಕೊಂಡಿದೆ. ಎರಡು ಬಸ್ಸುಗಳ ವ್ಯತ್ಯಾಸವನ್ನು ‘ರೆಗ್‌ಮ್ಯಾಪ್’ ಎಂಬ ಪದರ ನುಂಗಿಕೊಳ್ಳುತ್ತದೆ. ಅಳತೆಯ ಗಣಿತವನ್ನು ಒಮ್ಮೆ ಬರೆದರೆ ಸಾಕು.

ಬೆಂಗಳೂರಿನಿಂದಲೂ ಇಂಥದೇ ಒಂದು ಉದಾಹರಣೆ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ಅದೇ ಕಂಪನಿಯ ಇಂಜಿನಿಯರ್ ಕಿಶನ್ ವಿಜಯ್ ಅಬ್ರಹಾಂ ಬರೆದ ಪಿಸಿಐ ಎಂಡ್‌ಪಾಯಿಂಟ್ ಚೌಕಟ್ಟು 2017ರಲ್ಲಿ ಲಿನಕ್ಸ್ 4.12ರೊಂದಿಗೆ ಬಂತು. ಅಲ್ಲಿಯವರೆಗೆ ಲಿನಕ್ಸ್, ವಿಸ್ತರಣಾ ಕಾರ್ಡುಗಳನ್ನು ಜೋಡಿಸುವ ಪಿಸಿಐ ಬಸ್ಸಿನ ಯಜಮಾನನ ಬದಿಯಲ್ಲಿ ಇರುತ್ತಿತ್ತು. ಈ ಚೌಕಟ್ಟಿನಿಂದ ಆಚೆ ಬದಿಯ ಕಾರ್ಡಿನಂತೆ ವರ್ತಿಸುವ ಚಿಪ್ಪಿಗೂ ಕರ್ನಲ್‌ನಲ್ಲೇ ಒಂದು ಸಾಮಾನ್ಯ ವ್ಯವಸ್ಥೆ ದೊರೆಯಿತು. ಕಂಟ್ರೋಲರ್‌ನ ಕೋಡ್ ಬೇರೆ, ಕಾರ್ಡ್ ಮಾಡುವ ಕೆಲಸದ ಕೋಡ್ ಬೇರೆ, ಅವೆರಡನ್ನೂ ಕಟ್ಟುವುದು ಬಳಕೆದಾರನ ಆಯ್ಕೆ. ಹಾಗಾಗಿ ಒಂದು ಕಂಪನಿಯ ಚಿಪ್‌ಗೆಂದು ಹುಟ್ಟಿದ ಚೌಕಟ್ಟು ಇತರ ಕಂಪನಿಗಳ ಚಿಪ್‌ಗಳಿಗೂ ಒದಗಿತು.

ಬಸ್ಸಿನ ಮೇಲೆ ಯಾರಿದ್ದಾರೆ?

ಬಸ್ಸುಗಳಲ್ಲಿ ತಾವೇ ಹೆಸರು ಹೇಳುವಂಥವು ಕೆಲವು, ಬಾಯಿ ಬಿಡದಂಥವು ಕೆಲವು. ಪಿಸಿಐ ಮೊದಲ ಗುಂಪಿಗೆ ಸೇರಿದ್ದು. ಗರಿಷ್ಠ 256 ಬಸ್, ಪ್ರತಿಯೊಂದರಲ್ಲಿ 32 ಸಾಧನ, ಪ್ರತಿ ಸಾಧನಕ್ಕೆ 8 ಕಾರ್ಯಗಳವರೆಗೆ ಹುಡುಕಿ, ತಯಾರಕ ಸಂಖ್ಯೆ, ಸಾಧನ ಸಂಖ್ಯೆಗಳನ್ನು ಓದಿದರೆ ಎದುರಿಗಿರುವುದು ಯಾರೆಂದು ತಿಳಿಯುತ್ತದೆ. ಯುಎಸ್‌ಬಿಯಲ್ಲಿ ಹೊಸದಾಗಿ ಚುಚ್ಚಿದ ಸಾಧನ 0 ವಿಳಾಸದಲ್ಲಿ ಉತ್ತರಿಸುತ್ತದೆ. ಅದಕ್ಕೆ 1ರಿಂದ 127ರೊಳಗೆ ಒಂದು ವಿಳಾಸ ಕೊಟ್ಟು, ಅದರ ವಿವರಪಟ್ಟಿ ಓದಬೇಕು.

ಐ2ಸಿ ಹಾಗಲ್ಲ. ಫಿಲಿಪ್ಸ್ 1982ರಲ್ಲಿ ರೂಪಿಸಿದ ಈ ಎರಡು ತಂತಿಯ ಬಸ್ಸಿನಲ್ಲಿ 7 ಬಿಟ್ ವಿಳಾಸಗಳಿವೆ. ಕಾಯ್ದಿರಿಸಿದವನ್ನು ಕಳೆದರೆ ಬಳಕೆಗೆ ಉಳಿಯುವುದು 112. ಒಂದು ವಿಳಾಸವನ್ನು ತಟ್ಟಿದರೆ ‘ಇದ್ದೇನೆ’ ಎಂಬ ಒಂದು ಬಿಟ್ ಬರುತ್ತದೆಯೇ ಹೊರತು ಅಲ್ಲಿರುವುದು ಏನು ಎಂಬುದು ತಿಳಿಯುವುದಿಲ್ಲ. ಕತ್ತಲಲ್ಲಿ ಹೀಗೆ ಎಲ್ಲ ಬಾಗಿಲನ್ನೂ ತಟ್ಟುತ್ತ ಹೋಗುವುದು ಅಪಾಯಕಾರಿ. ಕೆಲವು ಹಳೆಯ ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಲಿನಕ್ಸ್‌ನ ಸೆನ್ಸರ್ ಹುಡುಕುವ ಉಪಕರಣ ಹೀಗೆ ತಟ್ಟಿದಾಗ 24ಆರ್‌ಎಫ್08 ಎಂಬ ಮೆಮೊರಿ ಚಿಪ್ಪಿನ ಮಾಹಿತಿಯೇ ಕೆಟ್ಟು ಲ್ಯಾಪ್‌ಟಾಪ್‌ಗಳು ಏಳದೆ ಹೋದವು. ಐ2ಸಿಯಲ್ಲಿ ಏನು ಎಲ್ಲಿದೆ ಎಂಬುದನ್ನು ಊಹಿಸುವ ಬದಲು ಬೋರ್ಡಿನ ವಿವರದಲ್ಲಿ ಬರೆದಿಡುವುದು ಇಂದು ರೂಢಿ. ಚಿಕ್ಕ ಬೋರ್ಡುಗಳಲ್ಲಿ ಆ ವಿವರ ‘ಡಿವೈಸ್ ಟ್ರೀ’ಯಲ್ಲಿರುತ್ತದೆ, ಪರ್ಸನಲ್ ಕಂಪ್ಯೂಟರ್‌ಗಳಲ್ಲಿ ಎಸಿಪಿಐ ಕೋಷ್ಟಕದಲ್ಲಿ.

ಬರೆದಿಟ್ಟರೂ ಪರೀಕ್ಷೆ ತಪ್ಪದು. ಬಿಎಂಇ280 ಮತ್ತು ಅದರ ಅಣ್ಣ ಬಿಎಂಪಿ280 ಎರಡೂ ಹೆಕ್ಸಾಡೆಸಿಮಲ್ 76 ಅಥವಾ 77ನೇ ವಿಳಾಸದಲ್ಲಿ ಕೂರುತ್ತವೆ. ಮೊದಲನೆಯದು ಆರ್ದ್ರತೆ ಅಳೆಯುತ್ತದೆ, ಎರಡನೆಯದು ಅಳೆಯುವುದಿಲ್ಲ. ಗುರುತಿನ ರಿಜಿಸ್ಟರ್ ಓದಿದರೆ ಒಂದು ಹೆಕ್ಸ್ 60 ಎನ್ನುತ್ತದೆ, ಇನ್ನೊಂದು 58. ಈ ಎರಡು ಸಾಲಿನ ಪರೀಕ್ಷೆ ಬಿಟ್ಟ ಡ್ರೈವರ್ ಇಲ್ಲದ ಆರ್ದ್ರತೆಗೂ ಅಂಕಿ ಕೊಡುತ್ತದೆ.

ಬಸ್ಸಿನ ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆಯ ಅತ್ಯಂತ ಸ್ವಾರಸ್ಯದ ಉತ್ತರ ಸೌಂಡ್‌ವೈರ್ ಬಸ್ಸಿನಲ್ಲಿದೆ. ಧ್ವನಿ ಚಿಪ್‌ಗಳಿಗಾಗಿ ಮಿಪಿ ಒಕ್ಕೂಟ ರೂಪಿಸಿದ ಈ ಬಸ್ಸಿಗೆ ಲಿನಕ್ಸ್ ಡ್ರೈವರ್ ಬರೆದವರು ಇಂಟೆಲ್‌ನಲ್ಲಿದ್ದ ವಿನೋದ್ ಕೌಲ್, ಸನ್ಯೋಗ್ ಕಾಳೆ ಮತ್ತು ಸಂಗಡಿಗರು. 2018ರ ಏಪ್ರಿಲ್‌ನಲ್ಲಿ ಹೊರಬಂದ ಲಿನಕ್ಸ್ 4.16ರಲ್ಲಿ ಅದು ಸೇರಿತು. ಸೌಂಡ್‌ವೈರ್‌ನಲ್ಲಿ ಗಡಿಯಾರಕ್ಕೊಂದು, ದತ್ತಾಂಶಕ್ಕೊಂದು ತಂತಿ. ಒಂದು ಬಸ್ಸಿನ ಮೇಲೆ ಗರಿಷ್ಠ 11 ಸಾಧನ. ಎಚ್ಚರವಾದ ಸಾಧನಗಳೆಲ್ಲ ಮೊದಲು 0 ಸಂಖ್ಯೆಯಲ್ಲೇ ಕಾಣಿಸಿಕೊಳ್ಳುತ್ತವೆ. ಪ್ರತಿಯೊಂದರಲ್ಲೂ ಇರುವ 48 ಬಿಟ್ ಗುರುತನ್ನು ಓದಿ, 1ರಿಂದ 11ರೊಳಗಿನ ಸಂಖ್ಯೆ ಹಂಚಬೇಕು.

ಬಸ್ಸೇ ಗುರುತು ಹೇಳುತ್ತದೆ ಎಂದಮೇಲೆ ಸಾಧನ ಕಾಣಿಸಿದಾಗ ಅದರ ಡ್ರೈವರನ್ನು ಕರೆದರೆ ಸಾಕಲ್ಲವೆ? ಸಾಲದು. ಲ್ಯಾಪ್‌ಟಾಪಿನ ಸ್ಪೀಕರ್ ಚಿಪ್‌ಗೆ ವಿದ್ಯುತ್ ಕೊಡುವ ಅಥವಾ ರೀಸೆಟ್ ಬಿಡಿಸುವ ಕೆಲಸ ಆ ಡ್ರೈವರ್‌ನದೇ ಆಗಿರಬಹುದು. ವಿದ್ಯುತ್ ಇಲ್ಲದೆ ಚಿಪ್ ಬಸ್ಸಿನ ಮೇಲೆ ಕಾಣದು, ಕಾಣದ ಚಿಪ್‌ಗೆ ಡ್ರೈವರ್ ಬಾರದು. ಈ ಗಂಟನ್ನು ಬಿಡಿಸಲು ಲಿನಕ್ಸ್‌ನ ಸೌಂಡ್‌ವೈರ್ ಕೋರ್ ಎರಡು ಘಟನೆಗಳನ್ನು ಬೇರ್ಪಡಿಸಿತು. ಫರ್ಮ್‌ವೇರ್ ಪಟ್ಟಿಯಲ್ಲಿ ಸಾಧನದ ಹೆಸರಿದ್ದರೆ ಅದರ ಡ್ರೈವರ್ ಜೋಡಣೆಯಾಗುತ್ತದೆ. ಆ ಸಾಧನ ನಿಜಕ್ಕೂ ಬಸ್ಸಿಗೆ ಬಂದಾಗ, ಹೋದಾಗ, ಸ್ಥಿತಿ ಬದಲಾಯಿತೆಂಬ ಬೇರೆಯದೇ ಕರೆ ಡ್ರೈವರ್‌ಗೆ ಹೋಗುತ್ತದೆ. ‘ಇರಬೇಕು’ ಮತ್ತು ‘ಇದೆ’ ಎಂಬ ಎರಡು ಸ್ಥಿತಿಗಳನ್ನು ಹೀಗೆ ಪ್ರತ್ಯೇಕವಾಗಿಡುವ ಕ್ರಮವನ್ನು ಹೊಸ ಬಸ್ ವಿನ್ಯಾಸಗೊಳಿಸುವ ಯಾರೇ ಆದರೂ ಮೊದಲ ದಿನವೇ ಪರಿಶೀಲಿಸಬೇಕು.

ಎಲ್ಲ ಆಪರೇಟಿಂಗ್ ಸಿಸ್ಟಂಗಳಿಗೂ ಇಷ್ಟು ಚಲನಶೀಲತೆ ಬೇಕಿಲ್ಲ. ಪುಟ್ಟ ಮೈಕ್ರೋಕಂಟ್ರೋಲರ್‌ಗಳಿಗೆಂದಿರುವ ಜೆಫಿರ್‌ನಲ್ಲಿ ಡಿವೈಸ್ ಟ್ರೀಯನ್ನು ಕೋಡ್ ಕಂಪೈಲ್ ಆಗುವಾಗಲೇ ಓದಿ ಮುಗಿಸಲಾಗುತ್ತದೆ. ಕಂಬದ ಮೇಲೆ ವರ್ಷಗಟ್ಟಲೆ ಅದೇ ಸೆನ್ಸರ್‌ಗಳೊಂದಿಗೆ ನಿಲ್ಲುವ ಪೆಟ್ಟಿಗೆಗೆ ಅದು ಸರಿಯಾದ ಆಯ್ಕೆ.

ಒಂದು ಮಾತುಕತೆ ಎಂದರೆ ಎಷ್ಟು?

ಕೋರ್ ಒದಗಿಸುವ ಕರೆಯ ಅಳತೆ ಎಷ್ಟಿರಬೇಕು? ‘ಒಂದು ಬೈಟ್ ಕಳಿಸು’, ‘ಒಂದು ಬೈಟ್ ತೆಗೆದುಕೋ’ ಎಂಬ ಕರೆಗಳು ಸರಳವಾಗಿ ಕಾಣುತ್ತವೆ, ಆದರೆ ಸಾಲುವುದಿಲ್ಲ. ಬಿಎಂಇ280ರ ಅಳತೆಗಳು ಸಾಲಾಗಿ 8 ಬೈಟ್‌ಗಳಲ್ಲಿರುತ್ತವೆ. ಅವನ್ನು ಒಂದೇ ಉಸಿರಿನಲ್ಲಿ ಓದದಿದ್ದರೆ ಮೊದಲ ಬೈಟ್ ಹಿಂದಿನ ಅಳತೆಯದು, ಕೊನೆಯ ಬೈಟ್ ಹೊಸ ಅಳತೆಯದು ಆಗಬಹುದು. ಬೈಟ್‌ಗಳ ನಡುವೆ ಇನ್ನೊಂದು ಡ್ರೈವರ್ ಬಸ್ಸಿಗೆ ನುಗ್ಗಿದರಂತೂ ಕೆಲಸ ಕೆಟ್ಟಂತೆ.

ಅದಕ್ಕೇ ಲಿನಕ್ಸ್‌ನ ಐ2ಸಿ ಕರೆ ಸಂದೇಶಗಳ ಸಾಲನ್ನೇ ಸ್ವೀಕರಿಸುತ್ತದೆ. ‘ಈ ರಿಜಿಸ್ಟರ್ ಸಂಖ್ಯೆ ಬರೆ, ಬಸ್ ಬಿಡದೆ 8 ಬೈಟ್ ಓದು’ ಎಂಬುದು ಒಂದೇ ಕರೆ. ಕೋರ್ ಬೀಗ ಹಾಕಿ ಇಡೀ ಸಾಲು ಮುಗಿದ ಮೇಲೆಯೇ ತೆಗೆಯುತ್ತದೆ. ಬೀಗ ಕೋರ್‌ನಲ್ಲಿದ್ದರೆ ಪ್ರತಿ ಸಾಧನದ ಡ್ರೈವರ್ ತನ್ನದೇ ಬೀಗ ಆವಿಷ್ಕರಿಸಬೇಕಿಲ್ಲ.

ಕರೆದವನು ಉತ್ತರ ಬರುವವರೆಗೆ ನಿಲ್ಲಬೇಕೆ, ಕೆಲಸ ಒಪ್ಪಿಸಿ ಹೋಗಬಹುದೆ ಎಂಬುದು ಇದರ ಜೊತೆಗಿನ ಪ್ರಶ್ನೆ. ನಿಧಾನದ ಐ2ಸಿಗೆ ನಿಂತು ಕಾಯುವ ಕರೆ ಸಾಕು. ಎಸ್‌ಪಿಐ ಎರಡನ್ನೂ ಕೊಡುತ್ತದೆ. ಯುಎಸ್‌ಬಿಯ ಮೂಲಘಟಕವೇ ಒಪ್ಪಿಸಿ ಹೋಗುವ ಬಗೆಯದು, ಏಕೆಂದರೆ ಅಲ್ಲಿ ಏಕಕಾಲಕ್ಕೆ ಹಲವು ವಿನಂತಿಗಳು ಓಡುತ್ತಿರಬೇಕು. ಸಂಶಯವಿದ್ದರೆ ಒಳಗೆ ಸರದಿಸಾಲು ಇಟ್ಟು, ಮೇಲೆ ಕಾಯುವ ಕರೆ ಕೊಡುವುದು ಒಳ್ಳೆಯದು. ಕಾಯುವ ಕರೆಯನ್ನೇ ಬುಡದಲ್ಲಿಟ್ಟ ವಿನ್ಯಾಸವನ್ನು ಆಮೇಲೆ ಬದಲಿಸುವುದು ದುಬಾರಿ.

ಇನ್ನೊಂದು ತುದಿಯಲ್ಲಿ ಸಮಯವೇ ಎಲ್ಲ ಆಗಿರುವ ಬಸ್ಸುಗಳಿವೆ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಏವಿಯಾನಿಕ್ಸ್ ಮಾತನಾಡುವುದು ಮಿಲ್-ಸ್ಟ್ಯಾಂಡರ್ಡ್-1553ಬಿ ಬಸ್ಸಿನಲ್ಲಿ. ಸೆಕೆಂಡಿಗೆ 10 ಲಕ್ಷ ಬಿಟ್ ವೇಗ, ಗರಿಷ್ಠ 31 ಟರ್ಮಿನಲ್. ಬಸ್ ಕಂಟ್ರೋಲರ್ ಕೇಳದೆ ಯಾವ ಟರ್ಮಿನಲ್ ಕೂಡ ಮಾತನಾಡುವಂತಿಲ್ಲ; ಕೇಳಿದ ಮೇಲೆ 12 ಮೈಕ್ರೋಸೆಕೆಂಡಿನೊಳಗೆ ಉತ್ತರ ಶುರುವಾಗಬೇಕು. ಇಂಥ ಬಸ್ಸಿನಲ್ಲಿ ಡ್ರೈವರ್‌ನ ಹೃದಯ ಮೊದಲೇ ಬರೆದಿಟ್ಟ ವೇಳಾಪಟ್ಟಿ.

ಕಾಯುವ ಬಗೆ

ಲೆಕ್ಕ ಹಾಕಿ ನೋಡಿದರೆ ಆಯ್ಕೆ ಸುಲಭ. ಐ2ಸಿ ಸಾಮಾನ್ಯ ವೇಗ 100 ಕಿಲೋಹರ್ಟ್ಸ್. ಪ್ರತಿ ಬೈಟಿಗೆ ಒಪ್ಪಿಗೆಯ ಬಿಟ್ ಸೇರಿ 9 ಗಡಿಯಾರ ಮಿಡಿತ. ಬಿಎಂಇ280ರ 8 ಬೈಟ್ ಓದಲು ವಿಳಾಸ, ರಿಜಿಸ್ಟರ್ ಸಂಖ್ಯೆ ಸೇರಿ 11 ಬೈಟ್ ಓಡಬೇಕು, ಅಂದರೆ ಸುಮಾರು 1 ಮಿಲಿಸೆಕೆಂಡ್. 1 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 10 ಲಕ್ಷ ಮಿಡಿತಗಳ ಕಾಲ. ಅಷ್ಟು ಹೊತ್ತು ‘ಮುಗಿಯಿತೇ, ಮುಗಿಯಿತೇ’ ಎಂದು ಸುತ್ತುವ ಬದಲು ಇಂಟರಪ್ಟ್ ಬರಲಿ ಎಂದು ಮಲಗಿಬಿಟ್ಟರೆ ಪ್ರೊಸೆಸರ್ ಬೇರೆ ಕೆಲಸ ಮಾಡುತ್ತದೆ, ಸೌರ ಬ್ಯಾಟರಿಯೂ ಉಳಿಯುತ್ತದೆ.

ಡಿಎಂಎ ದೊಡ್ಡ ವರ್ಗಾವಣೆಗಳಿಗೆ ಲಾಭ. ಹತ್ತಿಪ್ಪತ್ತು ಬೈಟಿಗೆ ಅದರ ಸಿದ್ಧತೆಯೇ ಭಾರ. ಬಳಸುವುದಾದರೆ ಸ್ಟ್ಯಾಕ್ ಮೇಲಿನ ಬಫರನ್ನು ಡಿಎಂಎಗೆ ಕೊಡಬಾರದು.

ಮಲಗಿ ಕಾಯುವ ಡ್ರೈವರ್‌ಗೆ ಒಂದು ಕರಾರಿದೆ: ಇಂಟರಪ್ಟ್ ನಿರ್ವಹಣೆಯ ಒಳಗಿಂದ ಅದನ್ನು ಕರೆಯುವಂತಿಲ್ಲ. ಐ2ಸಿ ಸೆನ್ಸರ್ ಇಂಟರಪ್ಟ್ ಕೊಟ್ಟರೆ ಅದರ ರಿಜಿಸ್ಟರ್ ಓದುವ ಕೆಲಸವನ್ನು ಥ್ರೆಡ್‌ಗೆ ದಾಟಿಸಬೇಕು. ಈ ಕರಾರನ್ನು ಕೋರ್‌ನ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ತಪ್ಪನ್ನು ತಪ್ಪೆಂದೇ ಹೇಳುವುದು

ಪಿಸಿಐನಲ್ಲಿ ಇಲ್ಲದ ಅಥವಾ ಸತ್ತ ಸಾಧನವನ್ನು ಓದಿದರೆ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ. ಅದು ನಿಜವಾದ ಮೌಲ್ಯವೂ ಆಗಿರಬಹುದು, ವೈಫಲ್ಯವೂ ಆಗಿರಬಹುದು. ಡ್ರೈವರ್ ಆ ಉತ್ತರ ಕಂಡಾಗಲೆಲ್ಲ ಸಾಧನ ಬದುಕಿದೆಯೇ ಎಂದು ಖಾತ್ರಿಪಡಿಸಿಕೊಳ್ಳಬೇಕು. ಬಿಎಂಇ280ರಲ್ಲಿ ಅಳತೆ ನಡೆಯದಿದ್ದಾಗ ತಾಪಮಾನದ ಜಾಗದಲ್ಲಿ ಹೆಕ್ಸ್ 80000 ಎಂಬ ಮೀಸಲು ಅಂಕಿ ಕೂತಿರುತ್ತದೆ. ಲಿನಕ್ಸ್ ಡ್ರೈವರ್ ಅದನ್ನು ಗುರುತಿಸಿ ಡಿಗ್ರಿಗೆ ಪರಿವರ್ತಿಸದೆ ದೋಷ ಸಂಕೇತವನ್ನೇ ಹಿಂದಿರುಗಿಸುತ್ತದೆ. ಓದುವ ಕರೆ ಮೌಲ್ಯವನ್ನು ಒಂದು ದಾರಿಯಲ್ಲಿ, ಯಶಸ್ಸು ಅಥವಾ ವೈಫಲ್ಯವನ್ನು ಇನ್ನೊಂದು ದಾರಿಯಲ್ಲಿ ಕೊಡುವಂತೆ ಮೊದಲಿನಿಂದಲೇ ರೂಪಿಸಬೇಕು.

ದೋಷಗಳಲ್ಲೂ ಬಗೆಗಳಿವೆ, ಅವನ್ನು ಒಂದೇ ಸಂಕೇತಕ್ಕೆ ಹಿಂಡಬಾರದು. ವಿಳಾಸದಲ್ಲಿ ಯಾರೂ ಇಲ್ಲ, ಬೇರೊಬ್ಬ ಯಜಮಾನನಿಗೆ ಬಸ್ ಬಿಟ್ಟುಕೊಡಬೇಕಾಯಿತು, ಕಾಲಾವಧಿ ಮೀರಿತು: ಮೂರಕ್ಕೂ ಮದ್ದು ಬೇರೆ. ಎರಡನೆಯದಕ್ಕೆ ತಕ್ಷಣ ಮತ್ತೆ ಯತ್ನಿಸಬಹುದು. ಮರುಯತ್ನ ಯಾರ ಹೊಣೆ ಎಂಬುದೂ ನಿರ್ಧಾರವಾಗಬೇಕು. ಓದುವುದನ್ನು ಹಲವು ಸಲ ಮಾಡಿದರೆ ಸಾಮಾನ್ಯವಾಗಿ ನಷ್ಟವಿಲ್ಲ. ಮೋಟಾರನ್ನು ಒಂದು ಹೆಜ್ಜೆ ಸರಿಸುವ ಆಜ್ಞೆಯನ್ನು ಬಸ್ ತಾನಾಗಿ ಎರಡು ಸಲ ಕಳಿಸಬಾರದು. ಯಾವ ಆಜ್ಞೆಯನ್ನು ಮತ್ತೆ ಕಳಿಸಬಹುದು ಎಂಬುದು ಸಾಧನದ ಡ್ರೈವರ್‌ಗೆ ಮಾತ್ರ ಗೊತ್ತಿರುವ ಸಂಗತಿ.

ಕಾಲಮಿತಿಯಿಲ್ಲದ ಕಾಯುವಿಕೆ ಎಲ್ಲಕ್ಕಿಂತ ಕೆಟ್ಟದ್ದು. ಐ2ಸಿ ನಿಯಮದಲ್ಲಿ ಸಾಧನವೊಂದು ಗಡಿಯಾರದ ತಂತಿಯನ್ನು ಕೆಳಗೆ ಹಿಡಿದು ‘ತಾಳು’ ಎನ್ನಬಹುದು, ಎಷ್ಟು ಹೊತ್ತು ಎಂಬುದಕ್ಕೆ ಮಿತಿಯಿಲ್ಲ. ಅದರಿಂದಲೇ ಹುಟ್ಟಿದ ಎಸ್‌ಎಂಬಸ್‌ನಲ್ಲಿ 25ರಿಂದ 35 ಮಿಲಿಸೆಕೆಂಡಿನ ಮಿತಿ ಸೇರಿಸಲಾಯಿತು. ಮಳೆಮಾಪಕದ ಬಕೆಟ್ ಮಗುಚುವ ಸಂಕೇತ ಬರುವ ಹೊತ್ತಿಗೆ ಡ್ರೈವರ್ ಇಂಟರಪ್ಟ್ ಮುಚ್ಚಿಕೊಂಡು ಸಿಕ್ಕಿಬಿದ್ದ ಬಸ್ಸಿನ ಮುಂದೆ ನಿಂತಿದ್ದರೆ ಆ ಮಳೆ ಲೆಕ್ಕಕ್ಕೆ ಸಿಗದು.

ಬಸ್ ಸಿಕ್ಕಿಕೊಂಡರೆ ಬಿಡಿಸುವ ದಾರಿಯೂ ನಿಯಮದಲ್ಲೇ ಇದೆ. ಓದುವ ನಡುವೆ ಪ್ರೊಸೆಸರ್ ರೀಸೆಟ್ ಆದರೆ ಸಾಧನ ದತ್ತಾಂಶದ ತಂತಿಯನ್ನು ಹಿಡಿದೇ ಉಳಿಯಬಹುದು. ಆಗ ಗಡಿಯಾರದ ತಂತಿಯಲ್ಲಿ 9 ಮಿಡಿತ ಕೊಟ್ಟರೆ ಅದು ಉಳಿದ ಬಿಟ್‌ಗಳನ್ನು ಮುಗಿಸಿ ತಂತಿ ಬಿಡುತ್ತದೆ. ಲಿನಕ್ಸ್ ಕೋರ್‌ನಲ್ಲಿ ಈ ಚಿಕಿತ್ಸೆ ಸಿದ್ಧವಾಗಿದೆ. ಕಂಟ್ರೋಲರ್ ಡ್ರೈವರ್ ತಂತಿಗಳನ್ನು ಅಲುಗಾಡಿಸುವ ಬಗೆಯನ್ನಷ್ಟೇ ಒದಗಿಸಬೇಕು.

ಬರುವುದು, ಹೋಗುವುದು

ಸಾಧನಗಳು ಕೇಳಿದ ಕ್ರಮದಲ್ಲಿ ಏಳುವುದಿಲ್ಲ. ಸೆನ್ಸರ್‌ಗೆ ವಿದ್ಯುತ್ ಕೊಡುವ ಚಿಪ್‌ನ ಡ್ರೈವರ್ ಇನ್ನೂ ಬಂದಿಲ್ಲದಿದ್ದರೆ ‘ಆಮೇಲೆ ಕರೆ’ ಎನ್ನುವ ಸೌಲಭ್ಯ 2012ರ ಲಿನಕ್ಸ್ 3.4ರಿಂದ ಇದೆ. ಹೋಗುವಾಗಿನ ಕಷ್ಟ ಇನ್ನೂ ದೊಡ್ಡದು. ಯುಎಸ್‌ಬಿ ಸಾಧನವನ್ನು ಕಿತ್ತರೂ ಅದರ ಕಡತ ತೆರೆದ ಪ್ರೋಗ್ರಾಂ ಬದುಕಿರುತ್ತದೆ. ಸಾಧನಕ್ಕೆ ಮೀಸಲಿಟ್ಟ ಮೆಮೊರಿಯನ್ನು ಬಳಕೆದಾರರ ಎಣಿಕೆ ಶೂನ್ಯಕ್ಕೆ ಇಳಿದ ಮೇಲೆಯೇ ಬಿಡುಗಡೆ ಮಾಡಬೇಕು. ಅಲ್ಲಿಯವರೆಗೆ ಬರುವ ಕರೆಗಳಿಗೆಲ್ಲ ‘ಸಾಧನವಿಲ್ಲ’ ಎಂದು ಉತ್ತರಿಸಬೇಕು.

ವಿದ್ಯುತ್ ಉಳಿತಾಯಕ್ಕೂ ಇದೇ ಎಣಿಕೆಯ ತತ್ವ. ಯಾರೂ ಬಳಸದಿದ್ದಾಗ ಕಂಟ್ರೋಲರ್ ಗಡಿಯಾರ ನಿಲ್ಲಿಸಬಹುದು. ಪ್ರತಿ ಓದಿಗೂ ಎಬ್ಬಿಸಿ ಮಲಗಿಸುವುದು ನಷ್ಟವಾದ್ದರಿಂದ ಸ್ವಲ್ಪ ಹೊತ್ತು ಕಾದು ಮಲಗುವ ವ್ಯವಸ್ಥೆ ಇರಿಸಬೇಕು.

ಮೇಲಿನವರಿಗೆ ಕಾಣುವ ಮುಖ

ಒಳಗಿನದೆಲ್ಲ ಮುಂದೆ ತಿದ್ದಬಹುದು. ಬಳಕೆದಾರರ ಪ್ರೋಗ್ರಾಂಗಳು ನೆಚ್ಚಿಕೊಂಡ ಮುಖವನ್ನು ತಿದ್ದಲಾಗದು. ಉದಾಹರಣೆಗೆ, ವಾಹನಗಳ ಕ್ಯಾನ್ ಬಸ್ಸನ್ನು ಬಾಷ್ 1986ರಲ್ಲಿ ಪರಿಚಯಿಸಿತು. ಲಿನಕ್ಸ್‌ನಲ್ಲಿ ಅದನ್ನು ಬಹುಕಾಲ ಕ್ಯಾರೆಕ್ಟರ್ ಸಾಧನವಾಗಿ, ಕಂಪನಿಗೊಂದು ಬಗೆಯಲ್ಲಿ ತೋರಿಸಲಾಗುತ್ತಿತ್ತು. ಹಾರ್ಡ್‌ವೇರ್ ಬದಲಿಸಿದರೆ ಪ್ರೋಗ್ರಾಂ ಕೂಡ ಬದಲಿಸಬೇಕಿತ್ತು. ಫೋಕ್ಸ್‌ವ್ಯಾಗನ್ ಸಂಶೋಧನಾ ವಿಭಾಗದ ಕೊಡುಗೆಯಿಂದ 2008ರಲ್ಲಿ ಲಿನಕ್ಸ್ 2.6.25ಕ್ಕೆ ಸೇರಿದ ಸಾಕೆಟ್‌ಕ್ಯಾನ್ ಕ್ಯಾನ್ ಬಸ್ಸನ್ನು ನೆಟ್‌ವರ್ಕ್ ಎಂದೇ ಪರಿಗಣಿಸಿತು. ಹಲವು ಪ್ರೋಗ್ರಾಂಗಳು ಒಂದೇ ಬಸ್ಸನ್ನು ಏಕಕಾಲಕ್ಕೆ ಆಲಿಸಬಹುದಾಯಿತು, ಸರದಿಸಾಲು ಮತ್ತು ಸೋಸುವಿಕೆ ನೆಟ್‌ವರ್ಕ್ ಪದರದಿಂದಲೇ ದೊರೆತವು. ಸೆನ್ಸರ್ ಡ್ರೈವರ್ ಬರೆಯುವವರು ಹೊಸ ಕಡತ ವಿನ್ಯಾಸ ಹುಟ್ಟುಹಾಕುವ ಮುನ್ನ ಲಿನಕ್ಸ್‌ನ ಇಂಡಸ್ಟ್ರಿಯಲ್ ಐಒ ವ್ಯವಸ್ಥೆಯಲ್ಲಿ ತಮ್ಮ ಅಳತೆಗೆ ಜಾಗವಿದೆಯೇ ನೋಡಬೇಕು. ತಾಪ, ಆರ್ದ್ರತೆ, ವಾಯುಭಾರಕ್ಕೆ ಅಲ್ಲಿ ಹೆಸರು, ಮಾನ ಎರಡೂ ನಿಗದಿಯಾಗಿವೆ.

ಶುರು ಮಾಡುವ ಕ್ರಮ

ಗಂಗಾವತಿಯ ಹಾಸ್ಟೆಲ್ ಕೋಣೆಯಲ್ಲಿ ಕುಳಿತವರಿಗೂ ಕಲಿಕೆಗೆ ದುಬಾರಿ ಸಲಕರಣೆ ಬೇಕಿಲ್ಲ. ಕ್ಯುಎಮು ಎಂಬ ಉಚಿತ ಎಮ್ಯುಲೇಟರ್‌ನಲ್ಲಿ ‘ಎಡು’ ಎಂಬ ಪಿಸಿಐ ಸಾಧನವಿದೆ. ಡ್ರೈವರ್ ಬರೆಯಲು ಕಲಿಯುವವರಿಗೆಂದೇ ಮಾಡಿದ್ದು ಅದು; ಇಂಟರಪ್ಟ್, ಡಿಎಂಎ ಎರಡನ್ನೂ ಅದರಲ್ಲಿ ಅಭ್ಯಾಸ ಮಾಡಬಹುದು. ‘ಐ2ಸಿ-ಸ್ಟಬ್’ ಎಂಬ ಕರ್ನಲ್ ಮಾಡ್ಯೂಲ್ ಇಲ್ಲದ ಚಿಪ್ಪನ್ನು ಇದ್ದಂತೆ ನಟಿಸುತ್ತದೆ.

ನಿಜವಾದ ಸೆನ್ಸರ್ ಕೈಗೆ ಬಂದಾಗ ತಂತಿ ಗಿಡ್ಡವಾಗಿರಲಿ. ಐ2ಸಿ ಬಸ್ಸಿನ ಒಟ್ಟು ಕೆಪಾಸಿಟೆನ್ಸ್ 400 ಪಿಕೋಫ್ಯಾರಡ್ ಮೀರಬಾರದು; ಹೊಲದ ಆಚೆ ಬದುವಿನಲ್ಲಿರುವ ಸೆನ್ಸರ್‌ಗೆ ಆರ್‌ಎಸ್-485 ಸರಿ. ಮೊದಲು ಬಳಕೆದಾರನ ಪ್ರೋಗ್ರಾಂನಿಂದಲೇ ಗುರುತಿನ ರಿಜಿಸ್ಟರ್ ಓದಿ ನೋಡಬೇಕು. ಅದು ಸರಿಹೋದ ಮೇಲೆ ಕರ್ನಲ್ ಡ್ರೈವರ್‌ನ ಜೋಡಣೆ, ಓದು, ದೋಷ, ವಿದ್ಯುತ್ ಎಂಬ ಕ್ರಮದಲ್ಲಿ ಮುಂದುವರಿಯಬಹುದು.

ಪರೀಕ್ಷೆಗೆ ಕರ್ನಲ್‌ನಲ್ಲೇ ಉಪಕರಣಗಳಿವೆ. ಬೀಗಗಳ ಕ್ರಮ ತಪ್ಪಿದರೆ ಲಾಕ್‌ಡೆಪ್ ಹಿಡಿಯುತ್ತದೆ, ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದರೆ ಕಾಸಾನ್ ಹಿಡಿಯುತ್ತದೆ. ಡ್ರೈವರನ್ನು ಜೋಡಿಸಿ, ಕಿತ್ತು, ಮತ್ತೆ ಜೋಡಿಸಿ ನೋಡುವ ಒಂದು ಕಾನ್ಫಿಗರೇಶನ್ ಆಯ್ಕೆಯೂ ಇದೆ. ಐ2ಸಿಯನ್ನು ಸಾಮಾನ್ಯ ಪಿನ್‌ಗಳಲ್ಲಿ ನಡೆಸುವ ಡ್ರೈವರ್‌ನಲ್ಲಿ ಬೇಕೆಂದೇ ತಂತಿಯನ್ನು ಸಿಕ್ಕಿಸುವ ದೋಷ-ಪ್ರಯೋಗದ ಸೌಲಭ್ಯವಿದ್ದು, 9 ಮಿಡಿತದ ಚಿಕಿತ್ಸೆಯನ್ನು ಅದರಿಂದ ಪರೀಕ್ಷಿಸಬಹುದು.

ಡ್ರೈವರನ್ನು ಮುಖ್ಯ ಲಿನಕ್ಸ್‌ಗೆ ಒಪ್ಪಿಸುವ ಆಸೆಯಿದ್ದರೆ ಡಿವೈಸ್ ಟ್ರೀ ವಿವರಣೆಯನ್ನು ಮೊದಲ ಪ್ಯಾಚ್ ಆಗಿ, ಡ್ರೈವರನ್ನು ಎರಡನೆಯದಾಗಿ ಬೇರೆ ಬೇರೆ ಕಳಿಸಬೇಕು. ಯಾರಿಗೆ ಕಳಿಸಬೇಕೆಂಬುದನ್ನು ಕರ್ನಲ್ ಮೂಲದಲ್ಲಿರುವ ‘ಗೆಟ್-ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ, ಬರವಣಿಗೆಯ ಶೈಲಿಯನ್ನು ‘ಚೆಕ್‌ಪ್ಯಾಚ್’ ಪರಿಶೀಲಿಸುತ್ತದೆ. ಪ್ಯಾಚಿನ ವಿವರಣೆಯಲ್ಲಿ ಯಾವ ಬೋರ್ಡಿನ ಮೇಲೆ, ಯಾವ ದೋಷಗಳನ್ನು ಉಂಟುಮಾಡಿ ಪರೀಕ್ಷಿಸಲಾಯಿತು ಎಂಬುದನ್ನು ಬರೆದರೆ ಪರಿಶೀಲಿಸುವವರ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.